ಎಲಿಜಬೆತ್ತಿನ ಪುಣ್ಯಾಬಾಯಿ

ಮನೆ ಬಾಡಿಗೆಗೆ ಕೇಳಿಕೊಂಡು ಹೋದಾಗ ಅವರು ನಮ್ಮ ಸಂಬಳ ಎಷ್ಟೆಂದು ಕೇಳಲಿಲ್ಲ. ಮಕ್ಕಳಿದ್ದಾರೆಯೇ ಎಂದು ಕೇಳಲಿಲ್ಲ. ಅಡುಗೆಗೆ ಏನೇನು ಮಸಾಲೆ ಹಾಕುತ್ತೀರಿ ಎಂದೂ ಕೇಳಲಿಲ್ಲ. ಅದಕ್ಕೆ ಮೊದಲು ನೋಡಿದ ನಾಲ್ಕು ಮನೆಗಳಲ್ಲಿ ಈ ಮೂರು ಪ್ರಶ್ನೆಗಳಿಗೆ ಹೇಳಿದ ಉತ್ತರ ನಮಗೆ ಬಾಯಿಪಾಠವಾಗಿ ಹೋಗಿತ್ತು. ಬಾಗಿಲು ತೆರೆದ ಓನರಮ್ಮ ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿ, "ಇಂಡಿಯಾದವರೋ?" ಎಂದರು. ಹೌದೆಂದೆವು. "ಹಾಗಾದರೆ ಹೇಳಿ, ಬೆಂಕಿಗೆ ನಿಮ್ಮಲ್ಲಿ ಏನನ್ನುತ್ತೀರಿ?"

ನನ್ನ ಗಂಡ ಕೆಮಿಕಲ್ ಎಂಜಿನಿಯರ್. ಬೆಂಕಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಇದು ಸುರಕ್ಷತೆಯ ಪ್ರಶ್ನೆ ಎಂದುಕೊಂಡು, "ನಾವು ಬಹಳ ಹುಷಾರಾಗಿರುತ್ತೇವೆ ಮೇಡಂ, ಸಿಗರೇಟು ಕೂಡ ಸೇದುವುದಿಲ್ಲ" ಎಂದರು.

"ಅದಲ್ಲ. ಶಬ್ದ ಹೇಳಿ, ಶಬ್ದ!"

"ಬೆಂಕಿ," ಎಂದರು ಇವರು.

ಆಕೆಯ ಮುಖ ಇಳಿದುಹೋಯಿತು. ಬಾಗಿಲೂ ಅರ್ಧ ಗೇಣು ಮುಚ್ಚಿಕೊಂಡಿತು. ಮಾರ್ಚ್ ತಿಂಗಳ ಚಳಿ, ನನ್ನ ಕಾಲಲ್ಲಿ ಧಾರವಾಡದಿಂದ ತಂದ ಚಪ್ಪಲಿ. "ಅಗ್ನಿ ಅಂತಲೂ ಹೇಳುತ್ತೇವೆ," ಎಂದೆ ನಾನು.

"ಉಗ್ನಿಸ್!" ಎಂದು ಕೂಗಿ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನಮ್ಮ ಭಾಷೆಯಲ್ಲಿ ಉಗ್ನಿಸ್! ಹೊಗೆಗೆ?" ಇವರು ಹೊಗೆ ಎನ್ನುವುದಕ್ಕೆ ಬಾಯಿ ತೆರೆದಿದ್ದರು, ನಾನು ಕಾಲು ತುಳಿದೆ. "ಧೂಮ." "ದೂಮಸ್! ಹಲ್ಲಿಗೆ?" "ದಂತ." "ದಂತಿಸ್!" ಮಗನಿಗೆ ಸೂನು, ಅವರಲ್ಲಿ ಸೂನುಸ್ ಎನ್ನುವ ಹೊತ್ತಿಗೆ ನಾವು ಮೂವರೂ ಮಹಡಿಯ ಮೇಲಿದ್ದೆವು, ಮನೆ ನಮ್ಮದಾಗಿತ್ತು.

ಇಳಿದು ಬರುವಾಗ ಇವರು ಪಿಸುಗುಟ್ಟಿದರು: "ಕನ್ನಡ ಬ್ಯಾರೆ, ಸಂಸ್ಕೃತ ಬ್ಯಾರೆ ಅಂತ ಹೇಳಬೇಕಿತ್ತಲ್ಲ? ಸುಳ್ಳ ಹೇಳಿ ಮನಿ ಹಿಡದಂಗ ಆತು."

"ಮೊದಲ ಮನಿ ಹಿಡೀರಿ," ಎಂದೆ. "ವ್ಯಾಕರಣ ಆಮ್ಯಾಲೆ ನೋಡೋಣಂತ."

ಅರವತ್ತೊಂಬತ್ತರಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಊರಿನಲ್ಲಿ ಹೀಗೆ ಹಿಡಿದ ಮನೆಯಲ್ಲಿ ನಾವು ಏಳು ವರ್ಷ ಇದ್ದೆವು. ಕೆಳಗೆ ಅವರು, ಮೇಲೆ ನಾವು. ಆಮೇಲೆ ಎಡಿಸನ್ನಿನಲ್ಲಿ ಸ್ವಂತ ಮನೆ ಕೊಂಡು ಬಂದೆವು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಅವರ ಚರ್ಚಿನಿಂದ ಫೋನು ಬಂತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ತಂಗಿ ಇನ್ನೂ ಅಲ್ಲೇ, ಆ ದೇಶದಲ್ಲೇ ಇದ್ದಾರೆ. ಯಾರ ಕೈಗೆ ಯಾವ ಕಾಗದ ಸಿಕ್ಕಿ ಏನಾಗುತ್ತದೋ ಹೇಳಲಾಗದು. ಕನ್ನಡದಲ್ಲಿ ಬರೆದರೆ ಅಪಾಯವಿಲ್ಲ ಎಂದು ಅವರೇ ಒಮ್ಮೆ ನಂಬಿದ್ದರು. ಆದರೂ ಬೇಡ.

ಆ ದೇಶ ಲಿಥುವೇನಿಯಾ. ಬಾಲ್ಟಿಕ್ ಸಮುದ್ರದ ದಂಡೆಯ ಮೇಲಿನ ಸಣ್ಣ ನಾಡು. ಮೊದಲ ಮಹಾಯುದ್ಧ ಮುಗಿದಾಗ ಸ್ವತಂತ್ರವಾಗಿ, ಇಪ್ಪತ್ತೆರಡು ವರ್ಷ ತನ್ನ ಪಾಡಿಗೆ ತಾನಿದ್ದು, ನಲವತ್ತರಲ್ಲಿ ರಷ್ಯದ ಕಮ್ಯುನಿಸ್ಟರ ಕೈಗೆ ಹೋಯಿತು. ಮರುವರ್ಷ ಜರ್ಮನರು ಬಂದರು. ಮೂರು ವರ್ಷಕ್ಕೆ ಅವರು ಓಡಿ, ಮತ್ತೆ ರಷ್ಯನ್ನರು. ಇದನ್ನು ನಾನು ಈಗ ಹೇಳಿದ ಹಾಗೆ ಅವರು ಹೇಳುತ್ತಿರಲಿಲ್ಲ. ಅವರು ಅಲ್ಲಿ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದರು. "ನನ್ನ ತರಗತಿಯಲ್ಲಿ ಕರಿಹಲಗೆಯ ಮೇಲೆ ಒಂದು ಮೊಳೆ ಇತ್ತು," ಎಂದು ಶುರುಮಾಡುವರು. "ಅದರಲ್ಲಿ ಮೊದಲು ನಮ್ಮ ಅಧ್ಯಕ್ಷರಿದ್ದರು. ಆಮೇಲೆ ದೊಡ್ಡ ಮೀಸೆಯವನು ಬಂದ. ಅವನನ್ನು ಇಳಿಸಿ ಸಣ್ಣ ಮೀಸೆಯವನನ್ನು ತೂಗುಹಾಕಿ ಎಂದರು. ಮತ್ತೆ ದೊಡ್ಡ ಮೀಸೆ ಬರುತ್ತಿದೆ, ಇವನನ್ನೂ ಇಳಿಸಿ ಎಂದರು. ನಾನು ಪ್ರತಿಸಲವೂ ಅದೇ ಸ್ಟೂಲು ಹತ್ತಿ ಇಳಿದೆ. ಮೂರನೇ ಸಲ ಇಳಿದವಳು ಹಾಗೇ ಊರು ಬಿಟ್ಟೆ."

ಬಿಟ್ಟದ್ದು ಎರಡು ವಾರಕ್ಕೆಂದು. ಅಷ್ಟರಲ್ಲಿ ಯುದ್ಧದ ಗಾಳಿ ಬೇರೆ ಕಡೆ ತಿರುಗುತ್ತದೆಂದು ಎಲ್ಲರೂ ಹೇಳಿದ್ದರಂತೆ. ಪಕ್ಕದ ಮನೆಯವರ ಕುದುರೆಗಾಡಿಯಲ್ಲಿ, ಎರಡು ವಾರಕ್ಕೆ ಬೇಕಾದಷ್ಟು ಬಟ್ಟೆ, ಒಂದು ಲ್ಯಾಟಿನ್ ವ್ಯಾಕರಣ. ತಾಯಿಯೂ ತಂಗಿಯೂ ಹಸುಗಳನ್ನು ನೋಡಿಕೊಳ್ಳಲು ಹಿಂದೆ ಉಳಿದರು. ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಐದು ವರ್ಷ ಕಳೆದು ಅಮೆರಿಕಕ್ಕೆ ಬಂದರು. ಇಲ್ಲಿ ಲ್ಯಾಟಿನ್ ಯಾರಿಗೂ ಬೇಕಿರಲಿಲ್ಲ. ಒಂದು ಸ್ಕೂಲಿನ ಕೆಫೆಟೀರಿಯಾದಲ್ಲಿ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸುವ ಕೆಲಸ ಸಿಕ್ಕಿತು. ಅಲ್ಲಿಯೂ ಮೇಷ್ಟ್ರಿಕೆ ಬಿಡಲಿಲ್ಲ. ಆ ಊರಿನ ಮಕ್ಕಳು ಮಾತಿನ ಭರದಲ್ಲಿ ಒಂದೇ ವಾಕ್ಯದಲ್ಲಿ ಎರಡೆರಡು ಸಲ 'ಇಲ್ಲ' ಹೇಳುತ್ತವೆ. ಆಲೂಗಡ್ಡೆ ಬೇಡ ಎನ್ನಲು ಹಾಗೆ ಹೇಳಿದ ಮಗುವಿಗೆ ಅವರು ಎರಡು ಸೌಟು ಬಡಿಸುತ್ತಿದ್ದರು. "ಎರಡು ಇಲ್ಲ ಸೇರಿದರೆ ಒಂದು ಹೌದು. ತಿನ್ನು." ಇಪ್ಪತ್ತು ವರ್ಷದಲ್ಲಿ ಆ ಸ್ಕೂಲಿನ ಮಕ್ಕಳ ವ್ಯಾಕರಣವೂ ತೂಕವೂ ಸುಧಾರಿಸಿದವೆಂದು ಅವರ ನಂಬಿಕೆ.

ಊರಿನ ಲೈಬ್ರರಿಯಲ್ಲಿ ಒಂದು ಗ್ಲೋಬ್ ಇತ್ತು. ಅದರಲ್ಲಿ ಲಿಥುವೇನಿಯಾ ರಷ್ಯದ ಬಣ್ಣದಲ್ಲೇ ಕರಗಿಹೋಗಿತ್ತು. ಅಮೆರಿಕ ಸರಕಾರ ಆ ಆಕ್ರಮಣವನ್ನು ಒಪ್ಪಿಲ್ಲವಾದ್ದರಿಂದ ಆ ಗ್ಲೋಬು ಕಾನೂನಿಗೆ ವಿರುದ್ಧ ಎಂದು ಅವರ ವಾದ. ಶನಿವಾರ ಹೋದಾಗಲೆಲ್ಲ ಕೈಚೀಲದಿಂದ ಪೆನ್ನು ತೆಗೆದು ತಮ್ಮ ದೇಶದ ಸುತ್ತ ಗಡಿ ಎಳೆದು ಬರುತ್ತಿದ್ದರು. ನಾನು ನೋಡುವ ಹೊತ್ತಿಗೆ ಆ ಗೆರೆ ಎಷ್ಟು ದಪ್ಪವಾಗಿತ್ತೆಂದರೆ ಪಕ್ಕದ ಲಾಟ್ವಿಯಾ ಅರ್ಧ ಮುಚ್ಚಿಹೋಗಿತ್ತು. "ಪಾಪ, ಇವರದ್ದೂ ಅದೇ ಕಷ್ಟ ಅಲ್ಲವೇ?" ಎಂದೆ. "ಅವರೂ ಪೆನ್ನು ತರಲಿ," ಎಂದರು.

ಅವರ ಜೀವವೆಲ್ಲ ಇದ್ದದ್ದು ತಂಗಿಯ ಕಾಗದಗಳಲ್ಲಿ. ವರ್ಷಕ್ಕೆ ಐದಾರು ಬರುತ್ತಿದ್ದವು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಬಂದ ಮೊದಲನೆಯದರಲ್ಲೇ ತಾಯಿ ತೀರಿಕೊಂಡರೆಂದು ಒಂದು ಸಾಲು ಇತ್ತಂತೆ. ಎಲ್ಲವೂ ದಾರಿಯಲ್ಲಿ ಯಾರೋ ಒಡೆದು ಓದಿ ಮತ್ತೆ ಅಂಟಿಸಿದವು. ಆದ್ದರಿಂದ ಅಕ್ಕತಂಗಿಯರು ಸಂಕೇತದಲ್ಲೇ ಬರೆಯುತ್ತಾರೆ ಎಂದು ಅವರು ನನಗೆ ಮೊದಲೇ ತಿಳಿಸಿದ್ದರು. ನೆಗಡಿ ಎಂದರೆ ಪೊಲೀಸರು ವಿಚಾರಣೆಗೆ ಕರೆದಿದ್ದಾರೆ. ಆಸ್ಪತ್ರೆ ಎಂದರೆ ಜೈಲು. ಆಲಿಕಲ್ಲು ಮಳೆ ಎಂದರೆ ಮಾಸ್ಕೋದಿಂದ ಯಾರೋ ದೊಡ್ಡ ಅಧಿಕಾರಿ ಬಂದಿದ್ದ.

ಒಂದು ಕಾಗದದಲ್ಲಿ "ಹಸುವಿಗೆ ಹುಷಾರಿಲ್ಲ, ಮೇವು ಮುಟ್ಟುತ್ತಿಲ್ಲ" ಎಂದಿತ್ತು. ಹಸುವಿನ ಸಂಕೇತ ಹೊಸದು. ಅಂದು ಸಂಜೆಯೇ ಅವರ ಚರ್ಚಿನ ಮೂವರು ಮುದುಕರು ಅಡುಗೆಮನೆಯಲ್ಲಿ ಸೇರಿದರು. ನನಗೂ ಕೆಳಗಿನಿಂದ ಕರೆ ಬಂತು. "ನೀನು ಅಲಿಪ್ತ ರಾಷ್ಟ್ರದವಳು, ಅಧ್ಯಕ್ಷತೆ ವಹಿಸು." ಹಸು ಎಂದರೆ ಆ ಊರಿನ ಪಾದ್ರಿ, ಮೇವು ಮುಟ್ಟುತ್ತಿಲ್ಲ ಎಂದರೆ ಅವರು ಉಪವಾಸ ಸತ್ಯಾಗ್ರಹ ಹೂಡಿದ್ದಾರೆ ಎಂದು ಒಬ್ಬರು. ಅಲ್ಲ, ಹಸು ಎಂದರೆ ಸಾಮೂಹಿಕ ಬೇಸಾಯದ ಫಾರಂ, ಅಲ್ಲಿ ರೈತರು ಮುಷ್ಕರ ಹೂಡಿದ್ದಾರೆ ಎಂದು ಇನ್ನೊಬ್ಬರು. ಮೇಜು ಗುದ್ದಿದರು. ನಾನು ಅಧ್ಯಕ್ಷಳ ಅಧಿಕಾರದಿಂದ, "ಹಸುವಿಗೇ ಹುಷಾರಿಲ್ಲದೆ ಇರಬಹುದಲ್ಲವೇ?" ಎಂದು ಕೇಳಿದೆ.

ನಾಲ್ವರೂ ಕನಿಕರದಿಂದ ನನ್ನನ್ನು ನೋಡಿದರು. "ಪಾಪ," ಎಂದರು ಓನರಮ್ಮ, "ಸ್ವತಂತ್ರ ದೇಶದಲ್ಲಿ ಬೆಳೆದ ಹುಡುಗಿ."

ಪಾದ್ರಿಯ ಪಕ್ಷ ಗೆದ್ದಿತು. ನಮ್ಮ ಭಾಗದ ಕಾಂಗ್ರೆಸ್ ಸದಸ್ಯನಿಗೆ, ಎಂದರೆ ಅಲ್ಲಿಯ ಎಂಪಿಗೆ, ಅಹವಾಲು ಹೋಯಿತು. ಈ ವಿಷಯದ ಬಗ್ಗೆ ತಮಗೆ ಆಳವಾದ ಕಳವಳವಿದೆ ಎಂದು ದಪ್ಪ ಕಾಗದದಲ್ಲಿ ಆತ ಉತ್ತರವನ್ನೂ ಬರೆದ.

ಎಪ್ಪತ್ತೊಂದರ ಆಗಸ್ಟಿನಲ್ಲಿ ನಮ್ಮ ಸಂಬಂಧಕ್ಕೆ ದೊಡ್ಡ ಪೆಟ್ಟು ಬಿತ್ತು. ಇಂಡಿಯಾ ರಷ್ಯದ ಜೊತೆ ಮೈತ್ರಿ ಒಪ್ಪಂದ ಮಾಡಿಕೊಂಡಿತು. ಅವರು ಪತ್ರಿಕೆ ಮಡಿಸಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ನಿಮ್ಮವರು ಸಹಿ ಹಾಕಿದ್ದಾರೆ," ಎಂದರು.

ನನ್ನ ಗಂಡ ಸಹಿ ಹಾಕಿದವರು ತಾವೇ ಎಂಬಂತೆ ಎದ್ದು ನಿಂತು, "ನನ್ನನ್ನು ಯಾರೂ ಕೇಳಲಿಲ್ಲ ಮೇಡಂ," ಎಂದರು.

"ನಮ್ಮನ್ನೂ ಯಾರೂ ಕೇಳಲಿಲ್ಲ," ಎಂದು ಅವರು ಇಳಿದು ಹೋದರು. ಮೂರು ವಾರ ಮಾತಿಲ್ಲ.

ಒಪ್ಪಂದದ ಪಾಪವನ್ನಾದರೂ ದೆಹಲಿಯ ಮೇಲೆ ಹಾಕಬಹುದಿತ್ತು. ನಮ್ಮ ಮನೆಯೊಳಗೇ ಅದಕ್ಕಿಂತ ದೊಡ್ಡದೊಂದು ಅಡಗಿತ್ತು. ನನ್ನ ಮೈದುನ ಆಗಲೇ ಒಂದು ವರ್ಷದಿಂದ ಮಾಸ್ಕೋದಲ್ಲಿದ್ದ. ಸ್ಕಾಲರ್‌ಶಿಪ್ ಮೇಲೆ ಎಂಜಿನಿಯರಿಂಗ್ ಓದುತ್ತಿದ್ದ. ಇಡೀ ಮನೆಗೆ ಒಂದೇ ಅಂಚೆಪೆಟ್ಟಿಗೆ, ಅದರ ಬೀಗದಕೈ ಅವರ ಸೊಂಟದಲ್ಲಿ. ಸುತ್ತಿಗೆ ಕುಡುಗೋಲಿನ ಅಂಚೆಚೀಟಿ ಹೊತ್ತ ಕಾಗದ ಅದರೊಳಗೆ ಬಿದ್ದರೆ ನಮ್ಮ ಸಾಮಾನು ಬೀದಿಗೆ ಬೀಳುತ್ತದೆಂದು ಹೆದರಿ, ಕಾಗದವನ್ನು ಧಾರವಾಡಕ್ಕೆ ಬರೆ, ಅಲ್ಲಿಂದ ಇಲ್ಲಿಗೆ ಕಳಿಸುತ್ತಾರೆ ಎಂದು ಅವನಿಗೆ ತಿಳಿಸಿದ್ದೆವು. ಚಳಿಗಾಲದಲ್ಲಿ ಅವನಿಗೆ ಬಂದ ನೆಗಡಿಯ ಸುದ್ದಿ ನಮಗೆ ಮುಟ್ಟುವಾಗ ಎಲಿಜಬೆತ್ತಿನಲ್ಲಿ ಮರಗಳೆಲ್ಲ ಚಿಗುರಿರುತ್ತಿದ್ದವು.

ಮರುವರ್ಷ ಮೇ ತಿಂಗಳಲ್ಲಿ ಅತ್ತೆ ಆರು ತಿಂಗಳ ಮಟ್ಟಿಗೆ ಬಂದರು. ಮೊದಲ ದಿನವೇ ಅವರನ್ನು ಕೂಡಿಸಿಕೊಂಡು, ಚಿಕ್ಕ ಮಗ ಮಾಸ್ಕೋದಲ್ಲಿರುವ ವಿಷಯ ಕೆಳಗಿನವರಿಗೆ ತಿಳಿಯಬಾರದು ಎಂದು ಇವರು ಬಿಡಿಸಿ ಹೇಳಿದರು. ಅತ್ತೆ ನಕ್ಕರು. "ನನಗೇನ ಇಂಗ್ಲೀಷ ಬರ್ತದೇನಪಾ, ಹೋಗಿ ಹೇಳಲಿಕ್ಕೆ?"

ಎರಡನೆಯ ದಿನ ಅತ್ತೆ ಹಿತ್ತಿಲಿಗೆ ಇಳಿದವರು ಓಡಿ ಬಂದರು. "ಏ ಹುಡುಗಿ, ಇಲ್ಲೆ ಸಬ್ಬಸಗಿ ಬೆಳದಾರ! ಇಷ್ಟ ದಿನಾ ಯಾಕ ಬರಿಲಿಲ್ಲ ನೀ?" ಲಿಥುವೇನಿಯಾದವರಿಗೆ ಸಬ್ಬಸಿಗೆ ಇಲ್ಲದೆ ಅಡುಗೆಯಿಲ್ಲ. ಓನರಮ್ಮ ಕುಯ್ದು ಕೊಟ್ಟ ಒಂದು ಮಡಿಲು ಸೊಪ್ಪಿನಲ್ಲಿ ಅವರಿಬ್ಬರ ಸ್ನೇಹ ಕುದುರಿತು. ಅವರ ಕಡೆ ಹೆಂಗಸರನ್ನು ಗೌರವದಿಂದ 'ಪೋನ್ಯಾ' ಎನ್ನುತ್ತಾರೆ. ತಮ್ಮ ಎದೆ ಮುಟ್ಟಿ ಹಾಗೆಂದೇ ಪರಿಚಯ ಮಾಡಿಕೊಂಡರು. ಅತ್ತೆಗೆ ಅದು ಪುಣ್ಯಾ ಎಂದು ಕೇಳಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವರು ಪುಣ್ಯಾಬಾಯಿ.

ಬೇಸಿಗೆಯಲ್ಲಿ ಪುಣ್ಯಾಬಾಯಿ ತಮ್ಮ ನಾಡಿನ ತಣ್ಣನೆಯ ಸಾರನ್ನು ಮಾಡಿ ಮೇಲಕ್ಕೆ ಕಳಿಸಿದರು. ಹುಳಿ ಮಜ್ಜಿಗೆಗೆ ಬೇಯಿಸಿದ ಬೀಟ್‌ರೂಟು, ಸೌತೆಕಾಯಿ, ಸಬ್ಬಸಿಗೆ. ಅತ್ತೆಯ ಸಲುವಾಗಿ ಮೊಟ್ಟೆ ಹಾಕಿರಲಿಲ್ಲ. ಅತ್ತೆ ಪಾತ್ರೆಯೊಳಗೆ ಇಣುಕಿ ನೋಡಿ, "ಬೀಟ್‌ರೂಟಿನ ಪಚಡಿ. ಪಾಪ, ಒಗ್ಗರಣಿ ಮರ್ತಾಳ," ಎಂದು ಸಾಸಿವೆ ಇಂಗಿನ ಒಗ್ಗರಣೆ ಸುರಿದು ಅರ್ಧ ಕೆಳಕ್ಕೆ ವಾಪಸು ಕಳಿಸಿದರು. ಪುಣ್ಯಾಬಾಯಿ ಒಂದು ಚಮಚ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. "ನನ್ನ ತಾಯಿ ಕ್ಷಮಿಸಲಿ," ಎಂದರು, "ಇದೇ ಹೆಚ್ಚು ಚೆನ್ನಾಗಿದೆ."

ಮಧ್ಯಾಹ್ನ ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮಾತಾಡುವರು. ಒಬ್ಬರಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ಅತ್ತೆಗೆ ಸ್ತೋತ್ರಗಳಿಂದ ಬಂದ ಸಂಸ್ಕೃತ ಶಬ್ದಗಳಿದ್ದವು, ಪುಣ್ಯಾಬಾಯಿಗೆ ಲಿಥುವೇನಿಯನ್. ಹೊಂದುವ ಶಬ್ದ ಒಟ್ಟು ಮೂವತ್ತೋ ನಲವತ್ತೋ ಸಿಕ್ಕಿರಬೇಕು. ಅಷ್ಟರಲ್ಲೇ ಸಂಸಾರದ ಸುದ್ದಿಯೆಲ್ಲ ಸಾಗುತ್ತಿತ್ತು. ಒಂದು ದಿನ ಪುಣ್ಯಾಬಾಯಿ ದವಡೆ ಹಿಡಿದು "ದಂತಿಸ್" ಎಂದರು. ಅತ್ತೆ ಲವಂಗ ತಂದು ಕೊಟ್ಟರು. ಮನೆಗೆ ಬಂದವರಿಗೆಲ್ಲ ಪುಣ್ಯಾಬಾಯಿ ನಮ್ಮ ಅತ್ತೆಯನ್ನು ತೋರಿಸಿ, "ಐದು ಸಾವಿರ ವರ್ಷದ ಕೆಳಗೆ ಬೇರೆಯಾದ ದಾಯಾದಿಗಳು" ಎಂದು ಪರಿಚಯ ಮಾಡಿಕೊಡುವರು.

ನಮ್ಮ ಗುಟ್ಟು ಒಡೆದದ್ದೂ ಆ ಮೂವತ್ತು ನಲವತ್ತು ಶಬ್ದಗಳಿಂದಲೇ. ಜುಲೈನ ಒಂದು ಬೆಳಿಗ್ಗೆ ಅತ್ತೆಗೆ ಚಿಕ್ಕ ಮಗ ಕನಸಿನಲ್ಲಿ ಬಂದಿದ್ದ. ಮೆಟ್ಟಿಲ ಮೇಲೆ ಕೂತು, "ಸಪ್ನಸ್," ಎಂದು ಕಣ್ಣು ಮುಚ್ಚಿ ತೋರಿಸಿದರು. ಸಪ್ನಸ್ ಎಂದರೆ ಅವರ ಭಾಷೆಯಲ್ಲಿ ಸ್ವಪ್ನ. ಆಮೇಲೆ, "ಸೂನುಸ್." ಪುಣ್ಯಾಬಾಯಿ ಮೇಲಿನ ಮಹಡಿಯ ಕಡೆ ಕೈ ತೋರಿಸಿದರು, ಈ ಮಗನೇ ಎಂದು. ಅಲ್ಲ ಎಂದು ಅತ್ತೆ ತಲೆಯಾಡಿಸಿ, ಸೊಂಟದ ಚೀಲದಿಂದ ಫೋಟೋ ತೆಗೆದು ಅವರ ಕೈಗಿತ್ತರು. ತುಪ್ಪಳದ ಟೋಪಿ ಹಾಕಿಕೊಂಡ ನನ್ನ ಮೈದುನ, ಹಿಂದೆ ಕೆಂಪು ನಕ್ಷತ್ರದ ಗೋಪುರ.

ಬಟ್ಟೆ ಒಣಹಾಕುತ್ತ ನಿಂತಿದ್ದ ನನಗೆ ಅಲ್ಲಿಂದಲೇ ಆ ನಕ್ಷತ್ರ ಕಾಣಿಸಿದಂತಾಯಿತು. ಪುಣ್ಯಾಬಾಯಿ ಫೋಟೋವನ್ನು ಬಹಳ ಹೊತ್ತು ನೋಡಿದರು. ಅತ್ತೆಯ ಕೈಗೆ ಜೋಪಾನವಾಗಿ ವಾಪಸು ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಏನಾತು ಅಕಿಗೆ?" ಎಂದರು ಅತ್ತೆ. "ನಾ ಏನೂ ಹೇಳಲಿಲ್ಲವಾ. ಬರೇ ಎರಡ ಶಬ್ದ."

ಐದು ದಿನ ಕೆಳಗಿನಿಂದ ಸದ್ದಿಲ್ಲ. ಇವರು ಪತ್ರಿಕೆಯಲ್ಲಿ ಬಾಡಿಗೆ ಮನೆಗಳ ಜಾಹೀರಾತಿಗೆ ಗುರುತು ಹಾಕತೊಡಗಿದರು. ಆರನೆಯ ದಿನ ಪುಣ್ಯಾಬಾಯಿ ಹ್ಯಾಟು ಹಾಕಿಕೊಂಡು ಮೇಲೆ ಬಂದರು. ಚರ್ಚು ಮತ್ತು ಬ್ಯಾಂಕು ಬಿಟ್ಟರೆ ಅವರು ಹ್ಯಾಟು ಹಾಕುವವರಲ್ಲ. ಕೂರಿ ಎಂದರೂ ಕೂರಲಿಲ್ಲ.

"ನಿಮ್ಮ ತಮ್ಮ ಅಲ್ಲಿ ಎಷ್ಟು ದಿನದಿಂದ ಇದ್ದಾನೆ?"

"ಎರಡು ವರ್ಷ," ಎಂದರು ಇವರು.

"ಎರಡು ವರ್ಷ ನನ್ನ ತಲೆಯ ಮೇಲೆ ವಾಸ ಮಾಡಿಕೊಂಡು ನನಗೆ ಹೇಳಲಿಲ್ಲ!"

"ಹೆದರಿಕೆಯಾಯಿತು ಮೇಡಂ."

"ನನಗೆ ಹೆದರಿಕೊಂಡು ಎರಡು ವರ್ಷ ಹಾಳುಮಾಡಿದಿರಿ. ಮಾಸ್ಕೋದಿಂದ ನಮ್ಮ ರಾಜಧಾನಿ ವಿಲ್ನಿಯಸ್ಸಿಗೆ ಒಂದು ರಾತ್ರಿಯ ರೈಲು." ಅವರ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು. "ನಾನು ಹೋಗುವ ಹಾಗಿಲ್ಲ. ನನ್ನ ತಂಗಿ ಬರುವ ಹಾಗಿಲ್ಲ. ಅವನು ಹೋಗಿ ಅವಳನ್ನು ಒಂದು ಸಲ ನೋಡಲಿ. ಹೇಗಿದ್ದಾಳೆ, ಕೂದಲು ಬೆಳ್ಳಗಾಗಿದೆಯೋ, ಹಲ್ಲು ಇವೆಯೋ. ನಾನು ಬಿಟ್ಟು ಬರುವಾಗ ಅವಳಿಗೆ ಹತ್ತೊಂಬತ್ತು." ಆಮೇಲೆ ಕೂತರು.

ಮೈದುನನಿಗೆ ಹೇಗೆ ಬರೆಯುವುದು ಎಂಬುದು ಮುಂದಿನ ಪ್ರಶ್ನೆ. ಕಾಗದ ಮಾಸ್ಕೋದಲ್ಲಿ ಒಡೆಯುತ್ತಾರೆ, ಸಂಕೇತದಲ್ಲೇ ಬರೆಯಬೇಕು ಎಂದು ಪುಣ್ಯಾಬಾಯಿಯ ಹಟ. ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ ಎಂದೆ ನಾನು. ಅವರ ಮುಖ ಅರಳಿತು. ಆದರೆ ಇವರು ಎಂಜಿನಿಯರು, ಎಲ್ಲದಕ್ಕೂ ಅನುಮಾನ. "ಅಲ್ಲಿ ಕನ್ನಡ ಬರೋರು ಒಬ್ಬರರ ಇದ್ದೇ ಇರ್ತಾರ. ಭಾಷಾ ಕಲಿಸೋ ದೊಡ್ಡ ದೊಡ್ಡ ಸಾಲಿ ಅವ ಅವರಲ್ಲೆ."

ಸೊಪ್ಪು ಸೋಸುತ್ತ ಕೂತಿದ್ದ ಅತ್ತೆ ತಲೆಯೆತ್ತಿದರು. "ನಮ್ಮ ಧಾರವಾಡದ ಮಾತನ್ಯಾಗ ಬರೀರಿ. ಮೈಸೂರಿನವರಿಗೇ ಪೂರಾ ತಿಳಿಯೂದಿಲ್ಲ, ರಶಿಯಾದವರಿಗೆ ಎಲ್ಲಿ ತಿಳೀತದ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಪುಣ್ಯಾಬಾಯಿ ಎದ್ದು ಹೋಗಿ ಅತ್ತೆಯ ಕೈ ಕುಲುಕಿದರು. ಹೀಗೆ ನಾನು ಬರೆದೆ. ತಂಗಿಗೆ ಮಾತ್ರ ಪುಣ್ಯಾಬಾಯಿ ತಾವೇ ಬರೆದರು, ತಮ್ಮ ಹಳೆಯ ಕ್ರಮದಲ್ಲಿ: "ಸೆಪ್ಟೆಂಬರಿನಲ್ಲಿ ದಕ್ಷಿಣದಿಂದ ಅಗ್ನಿಯ ನೆಂಟನೊಬ್ಬ ಬರುತ್ತಾನೆ. ಸಿದ್ಧಳಾಗಿರು."

ಅಕ್ಟೋಬರಿನಲ್ಲಿ ಮೈದುನನ ಕಾಗದ ನೇರ ಮಾಸ್ಕೋದಿಂದಲೇ ಬಂತು. ಪುಣ್ಯಾಬಾಯಿ ಅದನ್ನು ಪೆಟ್ಟಿಗೆಯಿಂದ ತಾವೇ ತೆಗೆದು, ಅಂಚೆಚೀಟಿ ಕಾಣದಂತೆ ಕವುಚಿ ಹಿಡಿದು ಮೇಲೆ ತಂದು ಕೊಟ್ಟರು. "ಓದಿಕೋ. ನಾನು ಕಾಫಿಗೆ ಇಡುತ್ತೇನೆ, ಕೆಳಗೆ ಬನ್ನಿ."

ಇವರು ಕೆಲಸಕ್ಕೆ ಹೋಗಿದ್ದರು. ನಾನು ಅತ್ತೆಗೆ ಕೇಳುವಂತೆ ಮೊದಲು ಜೋರಾಗಿ ಓದಿದೆ. ನಾಲ್ಕು ನೀಲಿ ಹಾಳೆ, ಎರಡೂ ಬದಿ. ಮೂರನೆಯ ಹಾಳೆಗೆ ಬಂದಾಗ ದನಿ ತಗ್ಗಿಸಿ ಓದಿದೆ. ಅಲ್ಲಿ ಒಂಬತ್ತು ಸಾಲು ಇದ್ದವು. ಕೊನೆಯಲ್ಲಿ, "ವೈನೀ, ಇದನ್ನ ಅವರಿಗೆ ಹೇಳಬ್ಯಾಡ್ರಿ. ಅಕ್ಕಗ ಗೊತ್ತಾಗಬಾರದು, ಆದರ ಲೋಕದಾಗ ಯಾರಿಗರ ಒಬ್ಬರಿಗೆ ಗೊತ್ತಿರಲಿ ಅಂತ ಅವರ ತಂಗಿ ನನಗ ಹೇಳ್ಯಾರ," ಎಂದಿತ್ತು.

"ಅತ್ಯಾ, ಕೆಳಗ ಇದನ್ನ ನಾ ಬಿಟ್ಟು ಓದ್ತೀನಿ," ಎಂದೆ. "ನೀವು ಸುಮ್ನ ಕೂಡ್ರಿ."

"ನನಗೇನ ಇಂಗ್ಲೀಷ ಬರ್ತದೇನು," ಎಂದರು ಅತ್ತೆ.

ಕೆಳಗಿನ ಅಡುಗೆಮನೆಯಲ್ಲಿ ಪುಣ್ಯಾಬಾಯಿ ಹ್ಯಾಟು ಹಾಕಿಕೊಂಡೇ ಕೂತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಅಕ್ಕನ ಸಂಕೇತ ನಂಬಿ ಕೂತಿದ್ದರೆ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅಗ್ನಿಯ ನೆಂಟ ಬರುತ್ತಾನೆ ಎಂದು ಓದಿದ ತಂಗಿ, ಕೊಟ್ಟಿಗೆಗೆ ಬೆಂಕಿ ಬೀಳುತ್ತದೆಂದು ತಿಳಿದು ಎರಡು ವಾರ ಬಕೆಟುಗಳಲ್ಲಿ ನೀರು ತುಂಬಿಟ್ಟುಕೊಂಡು ಕಾದಿದ್ದರಂತೆ. ಅಷ್ಟರಲ್ಲಿ ಮೈದುನ ರಷ್ಯನ್ ಭಾಷೆಯಲ್ಲಿ ಒಂದು ಸಾದಾ ಕಾರ್ಡು ಹಾಕಿದ್ದ: ನಾನು ಇಂಡಿಯಾದ ವಿದ್ಯಾರ್ಥಿ, ಕಾಲೇಜಿನ ಪ್ರವಾಸದಲ್ಲಿ ವಿಲ್ನಿಯಸ್ಸಿಗೆ ಬರುತ್ತೇನೆ, ಭಾನುವಾರ ಹನ್ನೆರಡು ಗಂಟೆಗೆ ದೊಡ್ಡ ಗಂಟೆಗೋಪುರದ ಹತ್ತಿರ ಬನ್ನಿ. ಅವರು ಬಂದರು. ಆ ಚೌಕದಲ್ಲಿ ಕಪ್ಪಗಿದ್ದವನು ನಾನೊಬ್ಬನೇ, ಗುರುತು ಹಿಡಿಯುವುದು ಕಷ್ಟವಾಗಲಿಲ್ಲ ಎಂದು ಬರೆದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಹಲ್ಲು ಮುಂದಿನವು ಇವೆ. ಗಟ್ಟಿಮುಟ್ಟಾಗಿದ್ದಾರೆ. ಅವನಿಗೆಂದು ಒಂದು ಚೀಸಿನ ಗಡ್ಡೆ, ಒಂದು ಚೀಲ ಸೇಬು ತಂದಿದ್ದರು.

"ಅವರು ಹೇಳಿದ್ದು," ಎಂದು ನಾನು ಮುಂದುವರಿಸಿದೆ, "'ನನ್ನ ಅಕ್ಕನಿಗೆ ಹೇಳಿ, ಅವಳು ಬರೆಯುವುದು ನನಗೆ ಅರ್ಧ ಅರ್ಥವಾಗುವುದಿಲ್ಲ. ಒಂದು ಸಲ ನಮ್ಮ ಬೀದಿಯ ಗಡಿಯಾರ ರಿಪೇರಿಯಾಯಿತು ಎಂದು ಬರೆದಿದ್ದಳು. ಅದು ಏನೆಂದು ಒಂದು ತಿಂಗಳು ಯೋಚಿಸಿದೆ.'"

"ಅದು ಅಮೆರಿಕದ ಚುನಾವಣೆ!" ಎಂದು ಕೂಗಿದರು ಪುಣ್ಯಾಬಾಯಿ. "ಅಷ್ಟೂ ತಿಳಿಯಲಿಲ್ಲವೇ?"

"'ಮತ್ತೆ, ನಾನು ಏನು ಬರೆಯುತ್ತೇನೋ ಅದೇ ನನ್ನ ಅರ್ಥ. ನೆಗಡಿ ಎಂದರೆ ನೆಗಡಿ. ಹಸು ಒಂದು ತಂತಿ ನುಂಗಿತ್ತು. ಈಗ ಹುಷಾರಾಗಿ ಕರು ಹಾಕಿದೆ.'"

ಪುಣ್ಯಾಬಾಯಿ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು. ಕಾಂಗ್ರೆಸ್ ಸದಸ್ಯನ ಆಳವಾದ ಕಳವಳ ನೆನಪಾಗಿರಬೇಕು. ಒಮ್ಮೆಲೇ ನಗತೊಡಗಿದರು. ಹ್ಯಾಟು ಜಾರಿತು, ಕನ್ನಡಕ ತೆಗೆದಿಟ್ಟರು, ಮೇಜಿಗೆ ಹಣೆ ಹಚ್ಚಿ ನಕ್ಕರು. ಏನೂ ತಿಳಿಯದ ಅತ್ತೆಯೂ ನಕ್ಕರು. ಆ ನಗುವಿನ ಗದ್ದಲದಲ್ಲಿ ನಾನು ಮೂರನೆಯ ಹಾಳೆ ಎತ್ತಿಕೊಂಡು, ಆ ಒಂಬತ್ತು ಸಾಲು ದಾಟಿ, ಮುಂದಿನದನ್ನು ಹೇಳತೊಡಗಿದೆ. ತಾಯಿಯ ಬಗ್ಗೆ ಅಕ್ಕನಿಗೆ ಇಷ್ಟು ಹೇಳಿ ಎಂದು ತಂಗಿ ಕಳಿಸಿದ್ದರು: ಅಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ತನ್ನ ಹಾಸಿಗೆಯಲ್ಲೇ ನೆಮ್ಮದಿಯಾಗಿ ಹೋದಳು. ತಂಗಿ ನಾಲ್ಕು ಗಂಟೆಯ ಬಸ್ಸಿಗೆ ಹಳ್ಳಿಗೆ ಹೊರಟರು. ಬಸ್ಸು ತುಂಬಿತ್ತು, ಆದರೂ ಕಿಟಕಿಯ ಪಕ್ಕ ಸೀಟು ಸಿಕ್ಕಿತು.

ನಾನು ತಲೆಯೆತ್ತಿದಾಗ ಪುಣ್ಯಾಬಾಯಿ ನನ್ನನ್ನು ನೋಡುತ್ತಿರಲಿಲ್ಲ. ಅತ್ತೆಯನ್ನು ನೋಡುತ್ತಿದ್ದರು. ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ಯಾವ ಹಾಳೆ ಕೈಯಲ್ಲಿದೆ ಎಂಬುದು ಗೊತ್ತಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಬಿಕ್ಕುತ್ತಿದ್ದರು.

"ಕಿಟಕಿಯ ಸೀಟು ಸಿಕ್ಕಿದ್ದಕ್ಕೆ," ಎಂದರು ಪುಣ್ಯಾಬಾಯಿ ನಿಧಾನವಾಗಿ, "ನಿಮ್ಮ ಅತ್ತೆ ಯಾಕೆ ಅಳುತ್ತಿದ್ದಾರೆ?"

ನಾನು ಹಾಳೆ ಮಡಿಸಹೋದೆ. ಅವರು ಕೈ ಚಾಚಿ ಹಾಳೆ ತೆಗೆದುಕೊಂಡರು. ತಮಗೆ ಒಂದಕ್ಷರವೂ ತಿಳಿಯದ ಬರಹದ ಮೇಲೆ ಬೆರಳಾಡಿಸಿ, "ತಾಯಿಯ ವಿಷಯ ಎಲ್ಲಿದೆ?" ಎಂದರು. ತೋರಿಸಿದೆ. ಮೇಷ್ಟ್ರ ಬೆರಳು ಸಾಲು ಎಣಿಸಿತು. "ಒಂಬತ್ತು. ಹಾಸಿಗೆಯಲ್ಲಿ ಸತ್ತವರಿಗೆ ಇಷ್ಟು ಸಾಲು ಬೇಕಾಗುವುದಿಲ್ಲ. ಓದು."

"ಹೇಳವಾ," ಎಂದರು ಅತ್ತೆ. "ಅಕಿ ತಾಯಿ. ಅಕಿಗೆ ಗೊತ್ತಾಗಲಿ."

ಓದಿದೆ. ಪುಣ್ಯಾಬಾಯಿ ಊರು ಬಿಟ್ಟ ನಾಲ್ಕು ವರ್ಷಕ್ಕೆ ತಾಯಿಯನ್ನೂ ತಂಗಿಯನ್ನೂ ಬೆಳಗಿನ ಜಾವ ಎಬ್ಬಿಸಿ, ದನ ಸಾಗಿಸುವ ರೈಲುಡಬ್ಬಿಯಲ್ಲಿ ಸೈಬೀರಿಯಾಕ್ಕೆ ಕಳಿಸಿದರು. ನದಿಯ ದಡದಲ್ಲಿ ಮರ ಕಡಿಯುವ ಶಿಬಿರ. ಎರಡನೆಯ ಚಳಿಗಾಲದಲ್ಲಿ ತಾಯಿ ಸತ್ತರು. ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರಿಂದ ಹೂಳಲಾಗದೆ ದೇಹವನ್ನು ವಸಂತದವರೆಗೆ ಮರದ ಶೆಡ್ಡಿನಲ್ಲಿ ಇಟ್ಟಿದ್ದರು. ತಂಗಿ ಒಂದು ಮರದ ತುಂಡಿನ ಮೇಲೆ ಹೆಸರು ಕೆತ್ತಿ ನೆಟ್ಟು, ಎಂಟು ವರ್ಷದ ನಂತರ ಒಬ್ಬರೇ ಊರಿಗೆ ಬಂದರು. ಆಗ ಆ ಮನೆಯಲ್ಲಿ ಬೇರೆ ಯಾರೋ ಇದ್ದರು.

ಪುಣ್ಯಾಬಾಯಿ ಅಳಲಿಲ್ಲ. "ನದಿಯ ಹೆಸರು?" ಎಂದು ಕೇಳಿದರು. ಹೇಳಿದೆ. ಅಕ್ಷರ ಅಕ್ಷರವಾಗಿ ಹೇಳಿಸಿ, ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಅತ್ತೆ ತಮ್ಮ ಕುರ್ಚಿಯನ್ನು ಎಳೆದು ಅವರ ಪಕ್ಕಕ್ಕೆ ಹಾಕಿಕೊಂಡು ಕೂತರು. ಕಾಫಿ ತಣ್ಣಗಾಯಿತು.

ಎರಡು ದಿನ ಬಿಟ್ಟು ಅವರು ತಂಗಿಗೆ ಬರೆದ ಉತ್ತರವನ್ನು ತಂದು, ಸಾಲುಸಾಲಾಗಿ ಇಂಗ್ಲಿಷ್ ಮಾಡಿ ನನಗೆ ಓದಿ ಹೇಳಿದರು. ಚಿಕ್ಕದು. "ಹುಡುಗ ಎಲ್ಲವನ್ನೂ ತಿಳಿಸಿದ. ಕರುವಿನ ಸುದ್ದಿ ಕೇಳಿ ಸಂತೋಷವಾಯಿತು. ಅಮ್ಮ ಹಿಂದಿನ ಕೋಣೆಯಲ್ಲಿ ನೆಮ್ಮದಿಯಾಗಿ ಹೋದಳೆಂದು ತಿಳಿದು ನನ್ನ ಮನಸ್ಸಿಗೂ ನೆಮ್ಮದಿ. ಆ ಕೋಣೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತಿತ್ತು."

ನಾನು ಹಾಳೆ ಮಡಿಸಿ ಲಕೋಟೆಗೆ ಸೇರಿಸಿ ಕೊಟ್ಟೆ.

"ಇಷ್ಟು ವರ್ಷದಲ್ಲಿ ಸಂಕೇತವಿಲ್ಲದೆ ಬರೆದದ್ದು ಇದೇ ಮೊದಲು," ಎಂದರು ಅವರು, ಲಕೋಟೆಯ ಅಂಟಿಗೆ ನಾಲಿಗೆ ತಾಗಿಸುತ್ತ. "ಅದೂ ಸುಳ್ಳೇ ಬರೆಯಬೇಕಾಯಿತು."

ಆಮೇಲೆ ಹ್ಯಾಟು ಸರಿಮಾಡಿಕೊಂಡು ಅತ್ತೆಯನ್ನು ಕರೆದರು. ಸೀರೆಯ ಮೇಲೆ ನನ್ನ ಗಂಡನ ಕೋಟು ಹೊದ್ದು ಅತ್ತೆ ಹೊರಟರು. ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ಇಬ್ಬರೂ ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಪುಣ್ಯಾಬಾಯಿ ಕಾಗದವನ್ನು ಒಳಗೆ ಹಾಕಿದರು. ಪೆಟ್ಟಿಗೆಯ ಮುಚ್ಚಳವನ್ನು ಮತ್ತೊಮ್ಮೆ ಎಳೆದು, ಕೆಳಗೆ ಬಿತ್ತೋ ಇಲ್ಲವೋ ಎಂದು ಇಬ್ಬರೂ ಬಗ್ಗಿ ನೋಡಿದರು.